ಬಸುರಿ ಇರುವ ಮನೆಯಲ್ಲಿ ಈಯ (ಸೀಸ) ಕರಗಿಸಬೇಡಿ: ಮನೆಯವರು ಮಾಡಬೇಕಾದ ಕೆಲಸಗಳು

ನಮ್ಮ ಮನೆ ಶಿರಿಯಾ ಹೊಳೆಯ ಬದಿಯಲ್ಲಿ. ಮಳೆ ನಿಂತು ಹೊಳೆ ತಿಳಿಯಾಗುವ ಹೊತ್ತಿಗೆ ಮಾವ ಬೀಸುಬಲೆ ಬಿಚ್ಚಿಕೊಂಡು ಅಂಗಳದಲ್ಲಿ ಕೂರುತ್ತಿದ್ದರು. ಬಲೆಯ ಅಂಚಿನಿಂದ ಉದುರಿಹೋದ ಈಯದ ಮಣಿಗಳ ಜಾಗಕ್ಕೆ ಹೊಸ ಮಣಿ ಎರೆಯಬೇಕು. ಅಡುಗೆಮನೆಯ ಹಿಂದಿನ ಒಲೆಗೆ ಗೆರಟೆ ಕೆಂಡ ತುಂಬಿ, ಕಬ್ಬಿಣದ ಸೌಟಿನಲ್ಲಿ ಹಳೆ ಬ್ಯಾಟರಿಯ ತುಂಡು ಇಟ್ಟರೆ ಸ್ವಲ್ಪ ಹೊತ್ತಿಗೆ ಅದು ಕುಸಿದು, ಕನ್ನಡಿಯ ಹಾಗೆ ಹೊಳೆದು, ಮೇಲೆ ಬೂದು ಬಣ್ಣದ ಕೆನೆ ಕಟ್ಟುತ್ತಿತ್ತು. ಮಾವ ಕಡ್ಡಿಯಿಂದ ಕೆನೆ ಸರಿಸಿ, ಕಡ್ಡಿಯನ್ನು ನೆಲಕ್ಕೆ ಬಡಿದು, ಉಳಿದದ್ದನ್ನು ಒದ್ದೆ ಮರಳಿನ ಅಚ್ಚಿಗೆ ಹೊಯ್ಯುತ್ತಿದ್ದರು. ನಾಲ್ಕು ಮಾರು ಆಚೆಗೆ ಏಳು ತಿಂಗಳ ಬಸುರಿ ಅತ್ತೆ ಬಂಗುಡೆ ಹೆಚ್ಚುತ್ತ ಕೂತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ, ನನಗೂ.

ಈಗ ತಂಗಿಯ ಮಗಳು ಬಸುರಿ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಏನೇನು ನೋಡಿಕೊಳ್ಳಬೇಕು ಎಂದು ಅವಳ ಗಂಡನಿಗೂ ಅತ್ತೆಗೂ ಬರೆದುಕೊಡಲು ಹೊರಟದ್ದೇ ಈ ಬರಹ. ಇದನ್ನು ಬಸುರಿಯ ಕೈಗೆ ಕೊಡಬೇಡಿ, ಮನೆಯವರು ಓದಿ. ಕಾರಣ ಸರಳ. ವಿಷಲೋಹದ ಹಾಗೆ ತಾಯಿಯ ತಡೆಯಲಾರದ ಚಿಂತೆಯೂ ಹೊಟ್ಟೆಯ ಮಗುವಿಗೆ ಭಾರವಾಗಬಹುದು. ಅದು ಮುಟ್ಟಬೇಡ, ಇದು ತಿನ್ನಬೇಡ ಎಂದು ಅವಳ ತಲೆಗೆ ಹೇರಿದರೆ ಒಂದನ್ನು ತೆಗೆದು ಇನ್ನೊಂದನ್ನು ತುಂಬಿದ ಹಾಗಾಗುತ್ತದೆ.

ಒಳಗೆ ಏನಾಗುತ್ತದೆ

ನಾವು ಈಯ ಅನ್ನುವುದು ಪುಸ್ತಕದ ಸೀಸ. ಮಲಯಾಳದಲ್ಲೂ ಈಯಂ ಎಂದರೆ ಅದೇ. ತಾಯಿಯ ರಕ್ತದಲ್ಲಿರುವ ಸೀಸವನ್ನು ಮಾಸು (ಪ್ಲಸೆಂಟಾ) ತಡೆಯುವುದಿಲ್ಲ. ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತ ನೋಡಿದರೆ ತಾಯಿಯ ರಕ್ತದಲ್ಲಿರುವ ಸೀಸದ ಶೇಕಡಾ 80ರಿಂದ 90ರಷ್ಟು ಅಲ್ಲೂ ಇರುತ್ತದೆ. ಸೀಸ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಓಡಾಡುವ ಲೋಹ. ಮಿದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕ್ಯಾಲ್ಸಿಯಂ ಬೇಕು. ಅದರ ಜಾಗದಲ್ಲಿ ಸೀಸ ಕೂತರೆ ಆಗಷ್ಟೇ ಹೆಣೆದುಕೊಳ್ಳುತ್ತಿರುವ ಮಿದುಳಿನ ಜೋಡಣೆ ತಪ್ಪುತ್ತದೆ. ಗರ್ಭಪಾತ, ತಿಂಗಳು ತುಂಬುವ ಮುನ್ನ ಹೆರಿಗೆ, ಕಡಿಮೆ ತೂಕದ ಮಗು, ತಾಯಿಗೆ ರಕ್ತದೊತ್ತಡ, ಮುಂದೆ ಮಗುವಿನ ಕಲಿಕೆಯಲ್ಲಿ, ಗಮನದಲ್ಲಿ ತೊಂದರೆ ಇವೆಲ್ಲ ಸೀಸದ ಲೆಕ್ಕಕ್ಕೆ ಸೇರುತ್ತವೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಒಳಗೆ ಹೋದ ಸೀಸ ರಕ್ತದಲ್ಲಿ ಒಂದೆರಡು ತಿಂಗಳು ಇದ್ದು ಎಲುಬಿಗೆ ಸೇರಿ ಅಲ್ಲಿ ಹತ್ತಾರು ವರ್ಷ ಕೂರುತ್ತದೆ. ಬಸುರಿಯ ದೇಹ ಮಗುವಿನ ಎಲುಬು ಕಟ್ಟಲು ತನ್ನ ಎಲುಬಿನಿಂದ ಕ್ಯಾಲ್ಸಿಯಂ ಬಿಚ್ಚಿಕೊಡುವಾಗ ಆ ಹಳೆಯ ಸೀಸವೂ ಜೊತೆಗೆ ಹೊರಬರುತ್ತದೆ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೂ ಮೊದಲು ಹುಟ್ಟಿ, ರಸ್ತೆಬದಿಯಲ್ಲಿ ಆಡಿ ಬೆಳೆದ ಹೆಣ್ಣುಮಕ್ಕಳ ಎಲುಬಿನಲ್ಲಿ ಆ ಕಾಲದ ಹೊಗೆಯ ಪಾಲು ಇನ್ನೂ ಇರಬಹುದು. ಅವಳು ಈಗ ಏನೂ ತಪ್ಪು ಮಾಡದಿದ್ದರೂ. ಹಾಗಾಗಿ ‘ನೀನೇ ನೋಡಿಕೊಳ್ಳಲಿಲ್ಲ’ ಎನ್ನುವ ಮಾತು ಯಾರ ಬಾಯಿಂದಲೂ ಬರಕೂಡದು.

ಪಾದರಸದ ದಾರಿ ಬೇರೆ. ನೀರಿನಲ್ಲಿ ಅದು ಮೀಥೈಲ್ ಪಾದರಸವಾಗಿ ಮೀನು ಸೇರುತ್ತದೆ, ಅಮೈನೋ ಆಮ್ಲದ ಹಾಗೆ ನಟಿಸಿ ಮಾಸು ದಾಟುತ್ತದೆ, ತಾಯಿಯ ರಕ್ತಕ್ಕಿಂತ ಮಗುವಿನ ರಕ್ತದಲ್ಲೇ ಹೆಚ್ಚು ಉಳಿಯುತ್ತದೆ. ಜಪಾನಿನ ಮಿನಾಮಾಟದಲ್ಲಿ 1956ರಲ್ಲಿ ಮೊದಲು ಗುರುತಾದ ಕಾಯಿಲೆಯಲ್ಲಿ ಹೆಚ್ಚೇನೂ ಲಕ್ಷಣವಿಲ್ಲದ ತಾಯಂದಿರು ಮಿದುಳಿಗೆ ಭಾರಿ ಪೆಟ್ಟಾದ ಮಕ್ಕಳನ್ನು ಹೆತ್ತರು. ಹೊಗೆಸೊಪ್ಪಿನಲ್ಲೂ ಕೆಲವು ಬೆಸುಗೆಯಲ್ಲೂ ಇರುವ ಕ್ಯಾಡ್ಮಿಯಂ ಎಂಬ ಲೋಹ ಬಹುಮಟ್ಟಿಗೆ ಮಾಸಿನಲ್ಲೇ ತಂಗುತ್ತದೆ. ತಂಗಿ, ಮಗುವಿಗೆ ಹೋಗಬೇಕಾದ ಸತುವಿಗೆ ಅಡ್ಡ ನಿಲ್ಲುತ್ತದೆ.

ಚಿಂತೆ ಎಲ್ಲಿ ಸೇರುತ್ತದೆ? ಗಾಬರಿಯಾದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಮಾಸಿನಲ್ಲಿರುವ ಒಂದು ಕಿಣ್ವ ಬಹುಪಾಲು ನಿಷ್ಕ್ರಿಯ ಮಾಡುತ್ತದೆ. ದಿನದಿನದ ಸಣ್ಣ ತಲೆಬಿಸಿ, ಬಸ್ಸು ತಪ್ಪಿದ್ದು, ನಾದಿನಿಯೊಂದಿಗೆ ಮಾತು ಬಂದದ್ದು, ಇವಕ್ಕೆ ಅಷ್ಟು ರಕ್ಷಣೆ ಸಾಕು. ತಿಂಗಳುಗಟ್ಟಲೆ ಬಿಡದ ಭಯ, ಹೊಡೆತ, ಸಾಲ, ಸಾವಿನ ದುಃಖ ಇದ್ದಾಗ ಆ ತಡೆ ಸೋರುತ್ತದೆ. ಕ್ಯಾಡ್ಮಿಯಂ ಕೂಡ ಅದೇ ಕಿಣ್ವವನ್ನು ಕುಗ್ಗಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಮಾಸಿನ ಜೀವಕೋಶಗಳ ಮೇಲೆ ನಡೆದ ಪ್ರಯೋಗಗಳು ತೋರಿಸಿವೆ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡೆಬೊರಾ ಕೋರಿ-ಸ್ಲೆಕ್ಟಾ ಅವರ ತಂಡ ಬಸುರಿ ಇಲಿಗಳಿಗೆ ಸ್ವಲ್ಪ ಸೀಸವನ್ನೂ ಸ್ವಲ್ಪ ಒತ್ತಡವನ್ನೂ ಕೊಟ್ಟು ಅವುಗಳ ಮರಿಗಳನ್ನು ಗಮನಿಸಿತು. ಸೀಸ ಒಂದೇ ಇದ್ದಾಗಲೂ ಒತ್ತಡ ಒಂದೇ ಇದ್ದಾಗಲೂ ಕಾಣದ ಕೆಲವು ಏರುಪೇರು ಎರಡೂ ಸೇರಿದಾಗ ಕಂಡವು, ಹೆಣ್ಣು ಮರಿಗಳಲ್ಲೊಂದು ರೀತಿ, ಗಂಡು ಮರಿಗಳಲ್ಲೊಂದು ರೀತಿ. ಇಲಿಯ ಮಾತನ್ನು ಹಾಗೇ ಮನುಷ್ಯರಿಗೆ ಹಚ್ಚಲಾಗದು. ಆದರೂ ಎರಡೂ ಬಂದು ತಟ್ಟುವುದು ಒಂದೇ ಬಾಗಿಲನ್ನು ಎಂಬುದು ಅದರಿಂದ ತಿಳಿಯುತ್ತದೆ. ಮನುಷ್ಯರ ಮಟ್ಟಿಗೆ ಹೇಳುವುದಾದರೆ, ಕೆನಡಾದ ಕ್ವಿಬೆಕ್‌ನಲ್ಲಿ 1998ರ ಜನವರಿಯಲ್ಲಿ ಬಿದ್ದಲ್ಲೇ ಹೆಪ್ಪುಗಟ್ಟಿದ ಮಳೆಗೆ ಸಿಕ್ಕಿ ವಾರಗಟ್ಟಲೆ ವಿದ್ಯುತ್ತಿಲ್ಲದೆ ಕಷ್ಟಪಟ್ಟ ಬಸುರಿಯರ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದಾಗ, ತಾಯಿ ಹೆಚ್ಚು ಕಷ್ಟ ಕಂಡಿದ್ದರೆ ಎಳೆ ವಯಸ್ಸಿನ ಮಗುವಿನ ಮಾತು, ಗ್ರಹಿಕೆ ತುಸು ಹಿಂದೆ ಬಿದ್ದಿತ್ತು.

ನಮ್ಮೂರಿನ ಮಾತು ಹೇಳದೆ ಮುಂದೆ ಹೋಗಲಾರೆ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ ಕಡೆ 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದು ಲೋಹವಲ್ಲ, ಕ್ಲೋರಿನ್ ಇರುವ ಕೀಟನಾಶಕ. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿದ್ದು 2017ರಲ್ಲಿ. ಅಲ್ಲಿಯವರೆಗೆ ಎಷ್ಟೋ ತಾಯಂದಿರು ‘ದೈವದ ಮುನಿಸು’, ‘ಹೆತ್ತವಳ ದೋಷ’ ಎಂಬ ಮಾತು ಕೇಳಿಕೊಂಡೇ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳನ್ನು ಎತ್ತಿ ಸಾಕಿದರು. ಆ ನೆನಪಿನಿಂದ ನಮ್ಮ ಕಡೆ ಪ್ರತಿ ಬಸುರಿಯೂ ಸ್ಕ್ಯಾನಿಂಗ್ ಕೋಣೆಗೆ ಇಮ್ಮಡಿ ಭಯ ಹೊತ್ತು ಹೋಗುತ್ತಾಳೆ. ಮನೆಯವರು ಈ ಭಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹೆಜ್ಜೆ 1: ಕೊಟ್ಟಿಗೆ, ಶೆಡ್ಡು, ಕೆಲಸದ ಬಟ್ಟೆ

ಶುರು ಇಲ್ಲಿಂದ, ಯಾಕೆಂದರೆ ದೊಡ್ಡ ಪ್ರಮಾಣ ಬರುವುದು ಇಲ್ಲಿಂದಲೇ. ಈಯ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗೆರಟೆ ಕೆಂಡಕ್ಕೆ ಅದು ಏನೂ ಅಲ್ಲ. ಮಾವ ಕಡ್ಡಿಯಿಂದ ಬಡಿದು ಚೆಲ್ಲುತ್ತಿದ್ದ ಆ ಬೂದು ಕೆನೆಯೇ ಸೀಸದ ಆಕ್ಸೈಡು. ಒಣಗಿದರೆ ಹಿಟ್ಟಿನಷ್ಟು ನಯ. ಕಾಲಿಗೆ ಅಂಟಿ ಒಳಮನೆಗೆ ಬರುತ್ತದೆ, ಕೋಳಿ ಕೆದಕುತ್ತದೆ, ಬಟ್ಟೆ ಒಣಗುವ ಹಗ್ಗಕ್ಕೆ ಹಾರುತ್ತದೆ. ಮನೆಯಲ್ಲಿ ಬಸುರಿ, ಬಾಣಂತಿ, ಎಳೆಮಗು ಇದ್ದರೆ ಈಯ ಎರೆಯುವ ಕೆಲಸ ಪೂರ್ತಿ ನಿಲ್ಲಲಿ. ಮಣಿಗಳನ್ನು ಸಿದ್ಧವಾಗಿ ಕೊಂಡುತನ್ನಿ. ಬಲೆ ರಿಪೇರಿ ಮಾಡುವಾಗ ಈಯದ ಮಣಿ ಹಲ್ಲಲ್ಲಿ ಕಚ್ಚಿ ಬಿಗಿಮಾಡುವ ಅಭ್ಯಾಸ ನಮ್ಮ ಹೊಳೆಬದಿಯಲ್ಲಿ ಎಷ್ಟೋ ಜನರಿಗಿದೆ. ಅದಕ್ಕೆ ಇಕ್ಕುಳ ಹಿಡಿಯಿರಿ. ಹಿಂದೆ ಎರೆದ ಜಾಗದ ಮೇಲುಮಣ್ಣನ್ನು ನೀರು ಚಿಮುಕಿಸಿ ಒದ್ದೆ ಮಾಡಿ, ಕೆರೆದು ಚೀಲಕ್ಕೆ ತುಂಬಿಡಿ. ಅದನ್ನು ಬಾವಿಕಟ್ಟೆಯ ಹತ್ತಿರವೋ ತೆಂಗಿನ ಬುಡಕ್ಕೋ ಚೆಲ್ಲಬೇಡಿ. ಹಳೆ ಬ್ಯಾಟರಿಯನ್ನು ಒಡೆಯದೆ ಮಾರಿದ ಅಂಗಡಿಗೇ ವಾಪಸು ಕೊಡಿ.

ಬ್ಯಾಟರಿ ಅಂಗಡಿ, ವೆಲ್ಡಿಂಗ್, ಪೇಂಟಿಂಗ್, ಗುಜರಿ ಕೆಲಸ ಮಾಡುವ ಗಂಡಸರು ಹೊರಗಿನ ಬಚ್ಚಲಲ್ಲೇ ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿ ಒಳಗೆ ಬರಲಿ. ಆ ಬಟ್ಟೆಯನ್ನು ಬಸುರಿ ಒಗೆಯಬಾರದು, ಉಳಿದ ಬಟ್ಟೆಯ ಜೊತೆ ನೆನೆಹಾಕಬಾರದು. ಚಿನ್ನದ ಕೆಲಸ ಮಾಡುವ ಆಚಾರಿ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ‘ಕೆಡಿಎಂ’ ಎಂಬ ಹೆಸರು ಬಂದದ್ದೇ ಕ್ಯಾಡ್ಮಿಯಂ ಬೆಸುಗೆಯಿಂದ. ಒಡವೆ ಹಾಕಿಕೊಂಡರೆ ಭಯವಿಲ್ಲ, ಆ ಬೆಸುಗೆಯ ಹೊಗೆ ಕುಡಿದರೆ ಅಪಾಯ. ಕುಲುಮೆ ಇರುವ ಕೋಣೆಯಲ್ಲಿ ಬಸುರಿ ಮಲಗಬಾರದು.

ಸೀಮಂತಕ್ಕೆ ಮನೆಗೆ ಬಣ್ಣ ಹೊಡೆಸುವ ಪದ್ಧತಿ ಇದೆ. ಭಾರತದಲ್ಲಿ ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎಣ್ಣೆಬಣ್ಣ, ಮುಖ್ಯವಾಗಿ ಬಾಗಿಲು, ಕಿಟಕಿಯ ಸರಳು, ತೊಟ್ಟಿಲಿನದು, ಒಣದಾಗಿ ಉಜ್ಜಿದರೆ ಧೂಳು ಮನೆತುಂಬ ಹಾರುತ್ತದೆ. ಉಜ್ಜಲೇಬೇಕಿದ್ದರೆ ನೀರು ಹಾಕಿ ಉಜ್ಜಿಸಿ, ಕೆಲಸ ಮುಗಿದು ನೆಲ ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸುವವರೆಗೆ ಅವಳನ್ನು ತವರಿಗೆ ಕಳಿಸಿ. ಅಜ್ಜಿಯ ಕಾಲದ ಬಣ್ಣದ ತೊಟ್ಟಿಲನ್ನು ಮಾಳಿಗೆಯಿಂದ ಇಳಿಸುವ ಆಸೆ ನನಗೂ ಇದೆ. ಬಣ್ಣ ಪೂರ್ತಿ ತೆಗೆಸದೆ ಮಗುವನ್ನು ಅದರಲ್ಲಿ ಮಲಗಿಸಬೇಡಿ.

ಹೆಜ್ಜೆ 2: ಬೀಡಿ

ಇದಕ್ಕೆ ಬೇರೆ ಜಾಗ ಕೊಟ್ಟೆ, ಯಾಕೆಂದರೆ ನಮ್ಮ ಊರಿನ ಎಷ್ಟೋ ಮನೆ ನಡೆಯುವುದು ಹೆಂಗಸರು ಕಟ್ಟುವ ಬೀಡಿಯಿಂದ. ಹೊಗೆಸೊಪ್ಪಿನ ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಎಳೆದುಕೊಳ್ಳುವುದರಲ್ಲಿ ಮುಂದು, ಸೀಸವೂ ಅದರಲ್ಲಿರುತ್ತದೆ, ನಿಕೋಟಿನ್ ಕೈಚರ್ಮದಿಂದಲೇ ಒಳಗಿಳಿಯುತ್ತದೆ. ‘ಬಸುರಿ ಬೀಡಿ ಕಟ್ಟಬಾರದು’ ಎಂದು ಬರೆದು ಕೈತೊಳೆದುಕೊಂಡರೆ ವಾರದ ಮಜೂರಿ ಯಾರು ಕೊಡುತ್ತಾರೆ? ಆ ಹಣ ನಿಂತರೆ ಚಿಂತೆ ಬೇರೆ. ಮೊದಲು ಕೇಳಬೇಕಾದ ಪ್ರಶ್ನೆ ಆ ತಿಂಗಳುಗಳಲ್ಲಿ ಅವಳ ಲೆಕ್ಕದ ಬೀಡಿಯನ್ನು ಮನೆಯ ಬೇರೆ ಯಾರು ಕಟ್ಟಬಲ್ಲರು ಎಂಬುದು. ಗಂಡಸರೂ ಕಟ್ಟಬಹುದು. ಏನೂ ಮಾಡಲಾಗದಿದ್ದರೆ ಜಗಲಿಯ ಗಾಳಿಯಲ್ಲಿ ಕೂತು ಕಟ್ಟಲಿ, ಹೊಗೆಸೊಪ್ಪಿನ ಮೊರ ಮಲಗುವ ಕೋಣೆಗೆ ಬರದಿರಲಿ, ಸೊಪ್ಪಿನ ಹುಡಿ ಜಾಲಿಸುವ ಕೆಲಸ ಬೇರೆಯವರು ಮಾಡಲಿ, ಊಟಕ್ಕೂ ಚಹಾಕ್ಕೂ ಮುನ್ನ ಸೋಪಿನಲ್ಲಿ ಕೈ ತೊಳೆಯಲಿ. ಮನೆಯೊಳಗೆ ಬೀಡಿ ಸೇದುವವರು ಹೆರಿಗೆಯವರೆಗೂ ಆಮೇಲೂ ಅಂಗಳ ದಾಟಿ ಸೇದಲಿ.

ಹೆಜ್ಜೆ 3: ಅಡುಗೆಮನೆ

ಹುಳಿ ಮತ್ತು ಉಪ್ಪು ಲೋಹವನ್ನು ಕರಗಿಸುತ್ತವೆ. ನಮ್ಮ ಅಡುಗೆಯೆಲ್ಲ ಹುಣಸೆ, ಪುನರ್ಪುಳಿ, ಮಾವಿನಮಿಡಿ. ಗುಜರಿ ಲೋಹ ಕರಗಿಸಿ ಎರೆದ ಅಗ್ಗದ ಅಲ್ಯುಮಿನಿಯಂ ಪಾತ್ರೆಗಳಿಂದ, ಹಿಂಡಾಲಿಯಂ ಎಂದು ಕರೆಯುವ ದಪ್ಪ ಪಾತ್ರೆಗಳಿಂದ ಸೀಸ ಬಿಡುವುದು ಪರೀಕ್ಷೆಗಳಲ್ಲಿ ಕಂಡಿದೆ. ಹುಳಿ ಪದಾರ್ಥ ಮಣ್ಣಿನ ಗಡಿಗೆಯಲ್ಲೋ ಸ್ಟೀಲಿನಲ್ಲೋ ಆಗಲಿ. ಕಲಾಯಿ ಹಾಕಿಸುವವರು ತವರಕ್ಕೆ ಸೀಸ ಬೆರೆಸಿದರೆ ಕಣ್ಣಿಗೆ ತಿಳಿಯುವುದಿಲ್ಲ. ಈ ಒಂಬತ್ತು ತಿಂಗಳು ಕಲಾಯಿ ಪಾತ್ರೆ ಅಟ್ಟದಲ್ಲಿರಲಿ. ತಮಿಳುನಾಡಿನ ಗಡಿಯ ಕಡೆಯ ಕನ್ನಡ ಮನೆಗಳಲ್ಲಿ ಸಾರು ಕುದಿಸುವ ಈಯದ ಚೊಂಬು ನಿಜಕ್ಕೆ ತವರದ್ದು, ಅದಕ್ಕೂ ಇದೇ ಮಾತು. ಉಪ್ಪಿನಕಾಯಿಯ ಭರಣಿಯಲ್ಲಿ ಒಳಗಿನ ಹೊಳಪು ಬಿರಿದಿದ್ದರೆ, ಪುಡಿಪುಡಿ ಏಳುತ್ತಿದ್ದರೆ, ಮಿಡಿಯನ್ನು ಗಾಜಿನ ಜಾಡಿಗೆ ಬದಲಿಸಿ. ಹಳೆಯ ಹೊಳಪಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು.

ಅರಿಶಿನದ ಕತೆ ಬಾಂಗ್ಲಾದೇಶದಿಂದ ಕಲಿಯುವಂಥದ್ದು. ಅಲ್ಲಿ ಹಳ್ಳಿಯ ಬಸುರಿಯರ ರಕ್ತದಲ್ಲಿ ಸೀಸ ಯಾಕಿದೆ ಎಂದು ಹುಡುಕುತ್ತ ಹೋದವರು ಮುಟ್ಟಿದ್ದು ಅರಿಶಿನದ ಕೊಂಬಿಗೆ ಹೊಳಪು ಬರಲೆಂದು ಹಚ್ಚುವ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು. 2019ರಲ್ಲಿ ಅದು ಬಹಿರಂಗವಾದ ಮೇಲೆ ಅಲ್ಲಿನ ಸರಕಾರ ಮಾರುಕಟ್ಟೆಗೇ ಇಳಿದು ಎರಡೇ ವರ್ಷದಲ್ಲಿ ಹೆಚ್ಚುಕಡಿಮೆ ಇಲ್ಲವಾಗಿಸಿತು. ನಮ್ಮ ಹಿತ್ತಿಲಲ್ಲಿ ಅರಿಶಿನ ಬೆಳೆಯುತ್ತದೆ, ಅದನ್ನೇ ಬೇಯಿಸಿ ಒಣಗಿಸಿ ಪುಡಿಮಾಡಿ ಬಳಸಿ. ಅಂಗಡಿಯ ಕೊಂಬಾದರೆ ಒಂದು ತುಂಡನ್ನು ಗಾಜಿನ ಲೋಟದ ನೀರಿಗೆ ಹಾಕಿ ನೋಡಿ. ಒಳ್ಳೆಯದು ಬಣ್ಣ ಬಿಡುವುದಿಲ್ಲ, ಹಚ್ಚಿದ್ದು ಕೂಡಲೇ ಹಳದಿ ಇಳಿಸುತ್ತದೆ. ಕೊಂಬು ಅತಿಯಾಗಿ ಮಿರಮಿರ ಹೊಳೆದರೆ ಬೇಡ.

ನೀರು. ನಮ್ಮ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಆಮ್ಲೀಯ, ರುಚಿ ಚೆನ್ನ, ಆದರೆ ಹಿತ್ತಾಳೆ ನಲ್ಲಿ, ಹಳೆ ಪಿವಿಸಿ ಪೈಪಿನಲ್ಲಿ ರಾತ್ರಿಯಿಡೀ ನಿಂತರೆ ಅದರೊಳಗಿನ ಸೀಸವನ್ನು ಎಳೆದುಕೊಳ್ಳಬಲ್ಲದು. ಪಿವಿಸಿ ಪೈಪಿನಲ್ಲಿ ಸೀಸ ಬಳಸಬಾರದೆಂಬ ನಿಯಮ ಬಂದದ್ದು 2021ರಲ್ಲಿ. ಹಾಗಾಗಿ ಬೆಳಿಗ್ಗೆ ನಲ್ಲಿಯ ಮೊದಲ ನೀರನ್ನು ಪಾತ್ರೆ ತೊಳೆಯಲು, ಗಿಡಕ್ಕೆ ಹಿಡಿಯಿರಿ. ಕುಡಿಯಲು, ಅನ್ನಕ್ಕೆ ಬಾವಿಯಿಂದ ಸೇದಿದ್ದೇ ಒಳ್ಳೆಯದು. ಗುಡ್ಡಕ್ಕೆ ಅಡ್ಡವಾಗಿ ತೋಡಿದ ಸುರಂಗದ ನೀರು ಕಲ್ಲಿನಿಂದ ನೇರ ಹರಿದು ಬರುವ ಮನೆಯವರು ಪುಣ್ಯವಂತರು. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ. ನೀರು ಪರೀಕ್ಷೆಗೆ ಕೊಡುವಾಗ ಸೀಸವನ್ನೂ ನೋಡಿ ಎಂದು ಹೇಳಿ. ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು.

ನೀರಿನಲ್ಲಿ ಬೆರೆಯುವ ಇನ್ನೊಂದು ವಿಷ ಆರ್ಸೆನಿಕ್. ಅದರ ದೊಡ್ಡ ಸಂಕಟ ಗಂಗೆಯ ಬಯಲಿನದ್ದು. ಕುಚ್ಚಲಕ್ಕಿಯನ್ನು ಹೆಚ್ಚು ನೀರಲ್ಲಿ ಬೇಯಿಸಿ ಬಸಿಯುವ ನಮ್ಮ ಪದ್ಧತಿ ಅಕ್ಕಿಯಲ್ಲಿರುವ ಆರ್ಸೆನಿಕ್‌ನ ಒಂದಷ್ಟನ್ನು ಹೇಗೂ ತೆಗೆಯುತ್ತದೆ.

ಹೆಜ್ಜೆ 4: ಕನ್ನಡಿಯ ಮುಂದಿನ ಡಬ್ಬಿಗಳು

ಬಿಳುಪಿನ ಕ್ರೀಮು ಮೊದಲು. ಹೆಸರು ಕೇಳದ ಕಂಪನಿಯ, ಊರಿಗೆ ಬಂದ ನೆಂಟರು ತಂದ, ಆನ್‌ಲೈನಿನಲ್ಲಿ ಕೊಂಡ ಕ್ರೀಮು ವಾರದಲ್ಲೇ ಮುಖ ಬೆಳ್ಳಗೆ ಮಾಡಿತೆಂದರೆ ಅದರಲ್ಲಿ ಪಾದರಸ ಇರಬಹುದು. ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರ ನಡುವೆ ಕಂಡ ಒಂದು ಬಗೆಯ ಕಿಡ್ನಿ ಕಾಯಿಲೆಯ ರೋಗಿಗಳಲ್ಲಿ ಹೆಚ್ಚಿನವರು ಇಂಥ ಕ್ರೀಮು ಹಚ್ಚಿದವರೇ ಆಗಿದ್ದರು. ಡಬ್ಬಿಯ ಮೇಲೆ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂದಿದ್ದರೆ ಬೇಡ. ಇನ್ನೊಂದು ಗುರುತು ಇದೆ: ‘ಚಿನ್ನ, ಬೆಳ್ಳಿಗೆ ತಾಗಿಸಬೇಡಿ’ ಎಂದು ಬರೆದಿರುತ್ತಾರೆ. ಪಾದರಸ ಚಿನ್ನವನ್ನು ಹಿಡಿದುಕೊಳ್ಳುವುದರಿಂದ ಆ ಎಚ್ಚರಿಕೆ. ತಾಳಿಗೆ ತಾಗಬಾರದ್ದು ಚರ್ಮಕ್ಕೆ ತಾಗಬಹುದೇ? ಹಚ್ಚಿದವರ ಕೈಯಿಂದ ದಿಂಬು, ಟವೆಲ್ಲಿಗೂ ಪಾದರಸ ಹೋಗುತ್ತದೆ. ಮನೆಯಲ್ಲಿ ಬೇರೆ ಯಾರೂ ಬಳಸಬಾರದು.

ಕಣ್ಣಿಗೆ ಹಚ್ಚುವ ಕಲ್ಲಿನ ಸುರುಮ ಹಲವು ಸಲ ಸೀಸದ ಸಲ್ಫೈಡೇ ಆಗಿರುತ್ತದೆ. ದೀಪದ ಮಸಿಯನ್ನು ತುಪ್ಪದಲ್ಲೋ ಹರಳೆಣ್ಣೆಯಲ್ಲೋ ಕಲಸಿ ಮನೆಯಲ್ಲೇ ಮಾಡಿದ ಕಾಡಿಗೆಯಲ್ಲಿ ಆ ಕಲ್ಲಿಲ್ಲ. ಕೆಂಪು ಸಿಂಧೂರದಲ್ಲಿ ಸೀಸದ ಕೆಂಪು ಆಕ್ಸೈಡು ಬೆರೆಸುವುದುಂಟು. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಇಡಲಿ.

ಹೆಜ್ಜೆ 5: ಮದ್ದು

ಕಷಾಯ, ಬೇರು, ಸೊಪ್ಪಿನ ಮದ್ದು ಬೇರೆ, ರಸೌಷಧಿ ಬೇರೆ. ನಾಗಭಸ್ಮ ಎಂದರೆ ಸೀಸದ ಭಸ್ಮ, ರಸಸಿಂಧೂರದಲ್ಲಿ ಪಾದರಸ, ಹರಿತಾಳ ಮತ್ತು ಮನಃಶಿಲೆ ಆರ್ಸೆನಿಕ್‌ನವು. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2008ರಲ್ಲಿ ಬಂದ ಅಧ್ಯಯನದಲ್ಲಿ ಇಂಟರ್‌ನೆಟ್ಟಿನಲ್ಲಿ ಮಾರುವ ಆಯುರ್ವೇದ ಔಷಧಿಗಳ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಹೆಸರಿನಲ್ಲಿ ರಸ, ಭಸ್ಮ, ಸಿಂಧೂರ ಇದ್ದರೆ ಬಸುರಿಗೂ ಬಾಣಂತಿಗೂ ಕೊಡುವ ಮೊದಲು ವೈದ್ಯರನ್ನು ನೇರವಾಗಿ ಕೇಳಿ: ಇದರಲ್ಲಿ ಲೋಹ ಇದೆಯೇ? ಉತ್ತರ ಬರದಿದ್ದರೆ ಕೊಡಬೇಡಿ. ನಂಬಿಕೆಯ ಪಂಡಿತರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಹೆಜ್ಜೆ 6: ಊಟ, ಮಾತ್ರೆ, ಬಯಕೆ

ಪಾದರಸದ ಹೆದರಿಕೆಗೆ ಮೀನು ಬಿಡಿಸಬೇಡಿ. ಮಗುವಿನ ಮಿದುಳಿಗೆ ಬೇಕಾದ ಒಮೆಗಾ 3 ಕೊಬ್ಬು, ಅಯೋಡಿನ್ ಅದರಲ್ಲಿದೆ. ಸಣ್ಣ ಮೀನು ಕಡಿಮೆ ಕಾಲ ಬದುಕುತ್ತದೆ, ಹೆಚ್ಚು ಪಾದರಸ ಕೂಡಿಡುವುದಿಲ್ಲ. ಬೂತಾಯಿ, ಬಂಗುಡೆ, ನೆತ್ತೋಲಿ, ಸಿಗಡಿ ವಾರಕ್ಕೆ ಎರಡು ಮೂರು ಸಲ ತಿನ್ನಲಿ. ಬೇರೆ ಮೀನು ತಿಂದು ಬದುಕುವ ದೊಡ್ಡವು, ತಾಟೆ (ಶಾರ್ಕ್) ಮತ್ತು ದೊಡ್ಡ ಟ್ಯೂನಾ, ಈಗ ಬೇಡ. ಹುರಿದರೂ ಬೇಯಿಸಿದರೂ ಪಾದರಸ ಹೋಗದು. ಅಂಜಲ್ ಆಗೊಮ್ಮೆ ಈಗೊಮ್ಮೆ ಸಾಕು.

ಹೊಟ್ಟೆಯಲ್ಲಿ ಕ್ಯಾಲ್ಸಿಯಂ, ಕಬ್ಬಿಣ ತುಂಬಿದ್ದರೆ ಸೀಸಕ್ಕೆ ಜಾಗ ಕಡಿಮೆ. ಮೆಕ್ಸಿಕೋ ನಗರದಲ್ಲಿ ಬಸುರಿಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ರಕ್ತದ ಸೀಸ ಸರಾಸರಿ ಶೇಕಡಾ 11ರಷ್ಟು ಇಳಿಯಿತು, ಎಲುಬಿನಿಂದ ಹೊರಬರುವುದೂ ತಗ್ಗಿತು. ನಮ್ಮಲ್ಲಿ ಸರಕಾರಿ ಕ್ರಮದಂತೆ ಮೂರು ತಿಂಗಳು ದಾಟಿದ ಮೇಲೆ ದಿನಕ್ಕೆ 500 ಮಿಲಿಗ್ರಾಂನ ಎರಡು ಕ್ಯಾಲ್ಸಿಯಂ ಮಾತ್ರೆ, 60 ಮಿಲಿಗ್ರಾಂ ಕಬ್ಬಿಣ ಇರುವ ಒಂದು ಮಾತ್ರೆ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ಎರಡು ಗಂಟೆ ಬಿಟ್ಟು, ಚಹಾ ದೂರವಿಟ್ಟು, ಲಿಂಬೆಯೋ ನೆಲ್ಲಿಕಾಯಿಯೋ ಸೇರಿಸಿ. ಮಾತ್ರೆಯ ಹೊತ್ತು ನೆನಪಿಡುವ ಕೆಲಸ ಗಂಡನದು. ಜೊತೆಗೆ ಬಸಳೆ, ಹರಿವೆ, ನುಗ್ಗೆಸೊಪ್ಪು, ರಾಗಿ, ಮುಳ್ಳು ಸಮೇತ ಜಗಿಯಬಹುದಾದ ನೆತ್ತೋಲಿ.

ಕೆಲವರಿಗೆ ಸುಟ್ಟ ಮಣ್ಣು, ಸ್ಲೇಟುಕಡ್ಡಿ, ಬೂದಿ ತಿನ್ನುವ ಬಯಕೆಯಾಗುತ್ತದೆ. ನಾಚಿಕೆಯಿಂದ ಬಚ್ಚಿಟ್ಟು ತಿನ್ನುತ್ತಾರೆ. ಬೈಯಬೇಡಿ, ಇದು ರಕ್ತಹೀನತೆಯ ಗುರುತಾಗಿರಬಹುದು. ಮಣ್ಣಿನ ಜೊತೆ ಸೀಸವೂ ಹೋಗುತ್ತದೆ, ಕಬ್ಬಿಣ ಕಡಿಮೆ ಇರುವ ಮೈ ಅದನ್ನು ಇನ್ನೂ ಬೇಗ ಹೀರುತ್ತದೆ. ಹಿಮೋಗ್ಲೋಬಿನ್ ನೋಡಿಸಿ.

ಹೆಜ್ಜೆ 7: ಅವಳ ಮನಸ್ಸಿನ ಭಾರ

ಮೇಲಿನ ಆರೂ ಹೆಜ್ಜೆ ಸದ್ದಿಲ್ಲದೆ ಮುಗಿಸಿದರೆ ಏಳನೆಯದರ ಅರ್ಧ ಆದಂತೆಯೇ. ಪಾತ್ರೆ ಬದಲಾದದ್ದಕ್ಕೆ ದೊಡ್ಡ ಕಾರಣ ಹೇಳಬೇಕಾಗಿಲ್ಲ. ಕೇಳಿದರೆ ಸುಳ್ಳು ಹೇಳದೆ ನಿಜವನ್ನು ಎರಡೇ ಮಾತಲ್ಲಿ ಹೇಳಿ.

ನಮ್ಮ ಗಡಿನಾಡಿನ ಒಂದು ಕಷ್ಟ ಭಾಷೆ. ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳಿದ್ದು ಅರ್ಧ ತಿಳಿದು, ಉಳಿದರ್ಧವನ್ನು ಭಯವೇ ತುಂಬಿಕೊಳ್ಳುತ್ತದೆ. ಒಮ್ಮೆ ನನ್ನ ತಂಗಿಯ ಮಗಳು ಸ್ಕ್ಯಾನಿಂಗ್ ಮುಗಿಸಿ ಬಂದವಳು ಎರಡು ದಿನ ಊಟ ಬಿಟ್ಟಿದ್ದಳು. ‘ವೆಳ್ಳಂ ಕೊರವು’ ಎಂದದ್ದನ್ನು ಏನೋ ದೊಡ್ಡದೆಂದು ತಿಳಿದಿದ್ದಳು. ಗರ್ಭದ ನೀರು ತುಸು ಕಡಿಮೆ, ವಿಶ್ರಾಂತಿ ತೆಗೆದುಕೊಂಡು ವಾರ ಬಿಟ್ಟು ಮತ್ತೆ ಬಾ ಎಂದಷ್ಟೇ ಅವರು ಹೇಳಿದ್ದು. ಪ್ರತಿ ಭೇಟಿಗೂ ಮಲಯಾಳ ಸರಿಯಾಗಿ ಬರುವ ಒಬ್ಬರು ಜೊತೆಗೆ ಹೋಗಲಿ, ಪ್ರಶ್ನೆ ಬರೆದುಕೊಂಡು ಹೋಗಿ, ಹೊರಬರುವ ಮುನ್ನ ಉತ್ತರವನ್ನು ಕನ್ನಡದಲ್ಲಿ ಒಮ್ಮೆ ಅವಳಿಗೆ ಹೇಳಿ.

‘ಮಗು ಸರಿ ಇದೆಯಂತಾ?’ ಎಂದು ದಾರಿಯಲ್ಲಿ ಕೇಳುವವರಿಗೆ ಉತ್ತರ ಕೊಡುವ ಹೊಣೆ ಅತ್ತೆ ವಹಿಸಲಿ. ಯಾರದೋ ಮನೆಯ ಮಗುವಿನ ಕತೆ ಅವಳ ಮುಂದೆ ಬೇಡ. ಸಾಲದ ಮಾತು, ಜಾಗದ ತಕರಾರು ಊಟದ ಹೊತ್ತಿಗೆ ಎತ್ತಬೇಡಿ. ರಾತ್ರಿ ನಿದ್ದೆ ಆಗುತ್ತದೆಯೇ ನೋಡಿ. ಸಂಜೆ ಅವಳ ಜೊತೆ ತೋಟದಂಚಿನಲ್ಲಿ ಅರ್ಧ ಗಂಟೆ ನಡೆಯಿರಿ, ತೋಟಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದ ದಿನ ಬೇರೆ ದಾರಿ ಹಿಡಿಯಿರಿ.

ಎರಡು ವಾರ ಮೀರಿ ಮಂಕು, ಅಳು, ನಿದ್ದೆಗೇಡು, ‘ನನ್ನಿಂದಾಗದು’ ಎನ್ನುವ ಮಾತು ಇದ್ದರೆ ಅದು ಸ್ವಭಾವವಲ್ಲ, ಚಿಕಿತ್ಸೆ ಇರುವ ತೊಂದರೆ. ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದು. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056 ಕೂಡ ಇದೆ. ಮನೆಯಲ್ಲೇ ಹೊಡೆತ, ಬೈಗುಳ ಇದ್ದರೆ ಮಹಿಳಾ ಸಹಾಯವಾಣಿ 181. ಆ ಹೊಡೆತ ನಿಲ್ಲಿಸದೆ ಬರಿ ಪಾತ್ರೆ ಬದಲಿಸಿ ಪ್ರಯೋಜನವಿಲ್ಲ.

ಹೆಜ್ಜೆ 8: ಪರೀಕ್ಷೆ ಯಾರಿಗೆ

ಎಲ್ಲ ಬಸುರಿಯರಿಗೂ ಸೀಸದ ಪರೀಕ್ಷೆ ಬೇಕಿಲ್ಲ. ಈಯ, ಬ್ಯಾಟರಿ, ಗುಜರಿ, ಕುಲುಮೆಯ ಸಂಪರ್ಕ ಇದ್ದವರು, ರಸೌಷಧಿ ತಿಂಗಳುಗಟ್ಟಲೆ ತಿಂದವರು, ಸುರುಮ ಹಚ್ಚುವವರು, ಮಣ್ಣು ತಿನ್ನುವವರು ಡಾಕ್ಟರಿಗೆ ಅದನ್ನು ಬಾಯಿಬಿಟ್ಟು ಹೇಳಿ ರಕ್ತದ ಸೀಸ ನೋಡಿಸಿ ಎಂದು ಕೇಳಬೇಕು, ಅವರಾಗಿ ಕೇಳುವುದು ಅಪರೂಪ. ರಕ್ತದಲ್ಲಿ ಡೆಸಿಲೀಟರಿಗೆ (100 ಮಿಲಿಲೀಟರಿಗೆ) 5 ಮೈಕ್ರೋಗ್ರಾಂ ಅಥವಾ ಹೆಚ್ಚು ಬಂದರೆ ಮೂಲ ಹುಡುಕಿ ತೆಗೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಮೂಲ ತೆಗೆದರೆ ರಕ್ತದ ಪ್ರಮಾಣ ಇಳಿಯುತ್ತ ಬರುತ್ತದೆ. ‘ಡಿಟಾಕ್ಸ್’ ಎಂದು ಮಾರುವ ಪುಡಿ, ಜ್ಯೂಸು ಯಾವುದೂ ಸೀಸ ತೆಗೆಯುವುದಿಲ್ಲ. ನಿಜಕ್ಕೂ ಸೀಸ ಎಳೆದು ತೆಗೆಯುವ ಔಷಧ ಬಹಳ ಹೆಚ್ಚಿದ್ದಾಗ ಮಾತ್ರ, ಅದೂ ಆಸ್ಪತ್ರೆಯಲ್ಲಿ.

ಹೆತ್ತ ಮೇಲೆ

ಪರೀಕ್ಷೆಯಲ್ಲಿ ಸೀಸ ಸ್ವಲ್ಪ ಹೆಚ್ಚಿತ್ತೆಂದು ಎದೆಹಾಲು ಬಿಡಿಸಬೇಡಿ. ಬಹುತೇಕ ತಾಯಂದಿರು ನಿಶ್ಚಿಂತೆಯಿಂದ ಕುಡಿಸಬಹುದು. ತೀರಾ ಹೆಚ್ಚಿದ್ದರೆ ಮಾತ್ರ ಡಾಕ್ಟರು ಬೇರೆ ಹೇಳುತ್ತಾರೆ. ಕ್ಯಾಲ್ಸಿಯಂ ಹೆರಿಗೆಯ ನಂತರ ಆರು ತಿಂಗಳು ಮುಂದುವರಿಯಲಿ, ಹಾಲೂಡುವಾಗಲೂ ಎಲುಬು ಬಿಚ್ಚಿಕೊಳ್ಳುತ್ತದೆ.

ಸೀಸ ತಗುಲಿದ ಇಲಿಮರಿಗಳನ್ನು ಬರಿ ಪಂಜರದಲ್ಲಿ ಇಡದೆ, ಆಟಿಕೆ, ಏಣಿ, ಜೊತೆಗಾರರಿರುವ ದೊಡ್ಡ ಗೂಡಿನಲ್ಲಿ ಬೆಳೆಸಿದಾಗ ಅವುಗಳ ಕಲಿಕೆ ಬಹಳಷ್ಟು ಸುಧಾರಿಸಿದ್ದನ್ನು ಪ್ರಯೋಗಗಳು ತೋರಿಸಿವೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಓದಿದ ಅತ್ಯಂತ ಸಮಾಧಾನದ ಸಂಗತಿ ಅದು. ಹುಟ್ಟುವ ಮುನ್ನ ಏನಾಗಿದ್ದರೂ ಮಗುವಿನ ಮಿದುಳು ಇನ್ನೂ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಆದುದರಿಂದ ಮಗುವಿನೊಂದಿಗೆ ಮಾತಾಡಿ, ಜೋಗುಳ ಹಾಡಿ, ಮೊಬೈಲು ಬದಿಗಿಟ್ಟು ಮುಖ ನೋಡಿ ನಗಿಸಿ. ಕನ್ನಡವೋ ತುಳುವೋ ಮಲಯಾಳವೋ, ಮನೆಯಲ್ಲಿ ಆಡುವ ಎಲ್ಲ ಭಾಷೆಯೂ ಅದರ ಕಿವಿಗೆ ಬೀಳಲಿ.

ತೆವಳಲು ಶುರುಮಾಡುವ ಮುನ್ನ ಅಂಗಳದ ಒಲೆಯ ಜಾಗ, ಶೆಡ್ಡಿನ ಬಾಗಿಲು ಮತ್ತೊಮ್ಮೆ ನೋಡಿ. ಮಕ್ಕಳು ಕೈ ಬಾಯಿಗಿಡುವ ಆ ಕಾಲದಲ್ಲಿ ನೆಲವನ್ನು ಒಣ ಹಿಡಿಸೂಡಿಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮನೆಯಲ್ಲಿ ಈಯದ ಕೆಲಸ ನಡೆದದ್ದಿದ್ದರೆ ಮಗುವಿಗೆ ಒಂದು ವರ್ಷವಾದಾಗ ಒಮ್ಮೆ, ಎರಡು ವರ್ಷವಾದಾಗ ಒಮ್ಮೆ ರಕ್ತದ ಸೀಸ ನೋಡಿಸಿ.